ಷಡ್ಡಕನ ಲ್ಯಾಪ್‌ಟಾಪಿಗೆ ಜ್ವರ ಬರಲಿಲ್ಲ

“ಭಾವ, ಅದನ್ಯಾಕೆ ಮಗುಚಿ ಹಿಡ್ಕೊಂಡಿದ್ದೀರಾ?”

ನಾದಿನಿ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದಳು. ತಿರುಪಣ್ಣ ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಬಾಯಲ್ಲಿ ಟಾರ್ಚು, ಬಲಗೈಯಲ್ಲಿ ಭೂತಗನ್ನಡಿ, ಮೊಣಕಾಲಿನ ಮೇಲೆ ಷಡ್ಡಕನ ಲ್ಯಾಪ್‌ಟಾಪು ಹೊಟ್ಟೆ ಮೇಲೆ ಮಾಡಿ ಮಲಗಿತ್ತು. ಹೊಟ್ಟೆ ಎಂದರೆ ಸ್ಟಿಕರ್ ಅಂಟಿಸಿದ ಭಾಗ. ಆ ಸ್ಟಿಕರಿನ ಸಣ್ಣಕ್ಷರಗಳನ್ನು ಅವನು, ನೋಟು ಖೋಟಾ ಹೌದೋ ಅಲ್ಲವೋ ನೋಡುವ ಬ್ಯಾಂಕಿನವನ ಹಾಗೆ, ಒಂದೊಂದಾಗಿ ಓದುತ್ತಿದ್ದ.

ಟಾರ್ಚನ್ನು ಬಾಯಿಂದ ತೆಗೆದು, “ಧೂಳು,” ಎಂದ. “ಧೂಳು ಕೂತಿದೆಯಾ ಅಂತ ನೋಡ್ತಿದ್ದೆ.”

“ನಮ್ಮನೇಲಿ ಧೂಳಾ?”

ಸಂಸಾರಗಳು ಒಡೆದಿರುವುದು ಇದಕ್ಕಿಂತ ಸಣ್ಣ ಪ್ರಶ್ನೆಗಳಿಂದ. ಪುಣ್ಯಕ್ಕೆ ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆಯ ದನಿ ಬಂತು: “ಯಾರೇ ಅದು?”

“ಭಾವ ಅಮ್ಮಾ. ಧೂಳು ನೋಡೋಕೆ ಬಂದಿದ್ದಾರೆ.”

“ಬಂದವರು ಹಾಗೇ ಒರೆಸಿಟ್ಟು ಹೋಗ್ಲಿ.”

ಪಕ್ಕದ ಕೋಣೆಯಲ್ಲಿ ಷಡ್ಡಕ ಮಲಗಿದ್ದ. ಅವನ ಗೊರಕೆ ಯಾವ ಅವಸರವೂ ಇಲ್ಲದೆ ಏರುತ್ತಿತ್ತು, ಯಾವ ಬೇಸರವೂ ಇಲ್ಲದೆ ಇಳಿಯುತ್ತಿತ್ತು. ತಿರುಪಣ್ಣನಿಗೆ ಆ ಗೊರಕೆಯನ್ನು ಕೇಳಿಯೂ ಹೊಟ್ಟೆ ಉರಿಯಿತು. ಇಷ್ಟು ಸುಖವಾದ ನಿದ್ದೆ ಏನನ್ನೋ ಚೆನ್ನಾಗಿ ಬಚ್ಚಿಟ್ಟವನಿಗೆ ಮಾತ್ರ ಬರಲು ಸಾಧ್ಯ ಎಂದು ಅವನಿಗೆ ಖಾತ್ರಿಯಾಯಿತು. ಆದರೆ ಸ್ಟಿಕರಿನಲ್ಲಿ ಏನೂ ಸಿಕ್ಕಲಿಲ್ಲ. ತನ್ನದೇ ಕಂಪನಿ, ತನ್ನದೇ ಮಾದರಿ, ತನ್ನದೇ ಬೂದು ಬಣ್ಣ. ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ನಾಲಿಗೆ ಸುಟ್ಟುಕೊಂಡು, ಮೆಟ್ಟಿಲಿಳಿದು ತನ್ನ ಮನೆಗೆ ಬಂದ.

ಅಕ್ಕ ತಂಗಿಯರು ಹತ್ತಿರ ಇರಲಿ ಎಂದು ಒಂದೇ ಕಟ್ಟಡದಲ್ಲಿ ಕೆಳಗೊಂದು ಮೇಲೊಂದು ಮನೆ ಹಿಡಿದಿದ್ದರು. ಕೆಳಗಿನದು ತಿರುಪಣ್ಣನದು. ಅವನ ತಲೆಯ ಮೇಲೆ ಸದಾ ಷಡ್ಡಕ ನಡೆದಾಡುತ್ತಿದ್ದ. ಕಚೇರಿಯಲ್ಲೂ ಇಬ್ಬರೂ ಒಟ್ಟಿಗೆ. ತೂಕ ಅಳತೆಯ ಇಲಾಖೆಯಲ್ಲಿ ಇಬ್ಬರೂ ಇನ್ಸ್‌ಪೆಕ್ಟರುಗಳು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಸರಿಯಿದೆಯೇ ನೋಡಿ, ಸರಿಯಿದ್ದರೆ ಅದರ ತಿರುಪಿನ ಮೇಲೆ ಸೀಸದ ಮುದ್ರೆ ಒತ್ತಿ ಬರುವುದು ಕೆಲಸ. ಮುದ್ರೆ ಬಿದ್ದ ಮೇಲೆ ಆ ತಿರುಪನ್ನು ಯಾರೂ ಮುಟ್ಟಬಾರದು.

ತಿರುಪಣ್ಣ ಎಂಬುದು ಅವನ ನಿಜವಾದ ಹೆಸರಲ್ಲ. ಕೈಗೆ ಸಿಕ್ಕಿದ ಯಾವ ವಸ್ತುವನ್ನೂ ಅವನು ಹಾಗೇ ಕೆಳಗಿಟ್ಟವನಲ್ಲ. ಒಂದು ಸುತ್ತಾದರೂ ತಿರುಪಿಯೇ ಇಡುತ್ತಿದ್ದ. ಫ್ಯಾನು, ಕುಕ್ಕರಿನ ಹಿಡಿ, ಹೆಂಡತಿಯ ಹೊಲಿಗೆ ಯಂತ್ರ, ಅತ್ತೆಯ ಕಿವಿಯ ಯಂತ್ರ. ಈ ಕೊನೆಯದನ್ನು ಸರಿಮಾಡಿದ ಮಾರನೆಯ ದಿನವೇ ಅತ್ತೆ ಮೇಲಿನ ಮನೆಗೆ ವಾಸ ಬದಲಾಯಿಸಿದರು. ಷಡ್ಡಕನಿಗೂ ಒಂದು ಅಡ್ಡಹೆಸರಿತ್ತು, ಇರ್ಲಿಬಿಡಿ. ಏನು ಕೆಟ್ಟರೂ, ಏನು ಕೆಡದಿದ್ದರೂ, ಅವನು ಹೇಳುತ್ತಿದ್ದುದು ಅದೊಂದೇ.

ಇಲಾಖೆ ಎಲ್ಲ ಇನ್ಸ್‌ಪೆಕ್ಟರುಗಳಿಗೂ ಒಂದೊಂದು ಲ್ಯಾಪ್‌ಟಾಪು ಕೊಟ್ಟಾಗ ಇರ್ಲಿಬಿಡಿ ಪೆಟ್ಟಿಗೆ ಬಿಚ್ಚಿ, ಅದು ಒತ್ತು ಎಂದದ್ದನ್ನು ಒತ್ತಿ, ಪಾಸ್‌ವರ್ಡ್ ಇಡು ಎಂದಾಗ ಇಟ್ಟು, ಮುಚ್ಚಿ ಮಲಗಿದ. ತಿರುಪಣ್ಣ ಮಲಗಲಿಲ್ಲ. ಸೆಟ್ಟಿಂಗ್ಸ್ ಎಂಬ ಹಲ್ಲುಚಕ್ರದ ಚಿತ್ರ ಕಂಡ ಕೂಡಲೇ ಅವನ ಬೆರಳುಗಳು ತಾವಾಗಿ ಎದ್ದು ನಿಂತವು.

ಮುಚ್ಚಳ ತೆರೆದಾಗಲೆಲ್ಲ ಅದು ಪಾಸ್‌ವರ್ಡ್ ಕೇಳುತ್ತಿತ್ತು. “ನನ್ನನ್ನೇ ನೀನ್ಯಾರು ಅಂತ ಕೇಳುತ್ತೆ, ಇದಕ್ಕೆಷ್ಟು ಕೊಬ್ಬು!” ಎಂದು ಪಾಸ್‌ವರ್ಡ್ ತೆಗೆದ. ಹೊಸದೇನಾದರೂ ಒಳಗೆ ಬರುವಾಗ ‘ಅನುಮತಿ ಕೊಡುತ್ತೀರಾ?’ ಎನ್ನುತ್ತಿತ್ತು. ಆ ಪ್ರಶ್ನೆಯನ್ನೂ ಆರಿಸಿದ. ಆಗಾಗ ಅಪ್‌ಡೇಟ್ ಮಾಡಿಕೊಳ್ಳಲೇ ಎನ್ನುತ್ತಿತ್ತು. “ನಾನು ಕೆಲಸ ಮಾಡೋ ಹೊತ್ತಲ್ಲಿ ಇದಕ್ಕೇನು ಶೃಂಗಾರ?” ಎಂದು ಅದನ್ನೂ ನಿಲ್ಲಿಸಿದ. ಫೈರ್‌ವಾಲ್ ಎಂಬುದೊಂದಿತ್ತು. ಹೊರಗಿನವರು ನುಗ್ಗದಂತೆ ತಡೆಯುವ ಗೋಡೆಯಂತೆ. ಪ್ರಿಂಟರ್ ಒಮ್ಮೆ ಮುಷ್ಕರ ಹೂಡಿದಾಗ, ಈ ಗೋಡೆಯೇ ಅಡ್ಡ ಇರಬೇಕೆಂದು ಗೋಡೆಯನ್ನೇ ಕೆಡವಿದ. ಪ್ರಿಂಟರಿನಲ್ಲಿ ಕಾಗದ ಮುಗಿದಿತ್ತೆಂದು ಆಮೇಲೆ ಗೊತ್ತಾಯಿತು. ಆದರೆ ಕೆಡವಿದ ಗೋಡೆಯನ್ನು ಮತ್ತೆ ಕಟ್ಟುವುದು ಮರ್ಯಾದಸ್ಥರ ಲಕ್ಷಣವಲ್ಲ.

“ಅದು ಅಷ್ಟು ಸಲ ಕೇಳ್ತಿದೆ ಅಂದ್ರೆ ಏನೋ ಕಾರಣ ಇರುತ್ತಲ್ರೀ,” ಎಂದಳು ಹೆಂಡತಿ.

“ನಿನಗೆ ತಿಳಿಯಲ್ಲ ಸುಮ್ನಿರು. ಇದು ಸೆಟ್ಟಿಂಗ್ಸು.”

ಆಮೇಲೆ ಆ ಮೇಲ್ ಬಂತು. ‘ನಿಮ್ಮ ಸಂಬಳದ ಖಾತೆ ಇಂದೇ ಮುಚ್ಚಲಿದೆ, ಉಳಿಸಿಕೊಳ್ಳಲು ಇಲ್ಲಿ ಒತ್ತಿ.’ ಕಚೇರಿಯಲ್ಲಿ ಎಲ್ಲರಿಗೂ ಬಂದಿತ್ತು. ಬಹುತೇಕ ಯಾರೂ ಒತ್ತಲಿಲ್ಲ. ಅದು ಅವರ ಬುದ್ಧಿವಂತಿಕೆಯಲ್ಲ. ನಮ್ಮ ಕಚೇರಿಗಳಲ್ಲಿ ಬಂದ ಪತ್ರವನ್ನು ಓದುವ ಅಭ್ಯಾಸ ಕಡಿಮೆ. ಓದಿದವರು ಇಬ್ಬರೇ, ಒತ್ತಿದವರೂ ಇಬ್ಬರೇ, ನಮ್ಮ ಷಡ್ಡಕರು.

ಇರ್ಲಿಬಿಡಿಯ ಪರದೆ ಕೆಂಪಾಗಿ ‘ಇದು ಅಪಾಯ, ತಡೆದಿದ್ದೇನೆ’ ಎಂದಿತು. ಅವನು ಲ್ಯಾಪ್‌ಟಾಪನ್ನು ಎತ್ತಿಕೊಂಡು ಹೋಗಿ, “ಮೇಡಂ, ಇದು ಏನೋ ಬೇಡ ಅಂತಿದೆ,” ಎಂದು ಕಚೇರಿಯ ಮುಖ್ಯಸ್ಥೆಗೆ ತೋರಿಸಿ ಬಂದ. ತಿರುಪಣ್ಣನ ಲ್ಯಾಪ್‌ಟಾಪು ಏನನ್ನೂ ಬೇಡ ಎನ್ನಲಿಲ್ಲ. ಬಂದ ಅತಿಥಿಯನ್ನು ಬನ್ನಿ ಎಂದಿತು, ಒಳಗೆ ಕೂರಿಸಿತು, ಎಲ್ಲ ಕಪಾಟುಗಳನ್ನೂ ತೆರೆದು ತೋರಿಸಿತು. ಊಟದ ಹೊತ್ತಿಗೆ ಅವನ ಕಡತಗಳೆಲ್ಲ ಯಾರಿಗೂ ಓದಲು ಬಾರದ ಲಿಪಿಗೆ ಹೋಗಿದ್ದವು. ಮೇಡಂಗೆ ತಿರುಪಣ್ಣನ ಹೆಸರಿನಲ್ಲಿ ಮೇಲಿನ ಮೇಲೆ ಮೇಲ್ ಹೋಗುತ್ತಿತ್ತು: ‘ನಿಮ್ಮ ಖಾತೆ ಮುಚ್ಚಲಿದೆ, ಒತ್ತಿ.’ ಮೇಡಂ ಕೊನೆಗೆ ಒತ್ತಿದ್ದು ಕರೆಗಂಟೆಯನ್ನು.

ರಿಪೇರಿಯವನು ಬಂದು ಲ್ಯಾಪ್‌ಟಾಪನ್ನು ಪೂರ್ತಿ ಅಳಿಸಿ, ಪೆಟ್ಟಿಗೆಯಿಂದ ತೆಗೆದ ದಿನ ಹೇಗಿತ್ತೋ ಹಾಗೆ ಮಾಡಿ, “ಏನೂ ಮುಟ್ಬೇಡಿ ಸಾರ್, ಹೀಗೇ ಇರ್ಲಿ,” ಎಂದು ಹೇಳಿ ಹೋದ.

ಇಷ್ಟಕ್ಕೇ ನಿಂತಿದ್ದರೆ ಈ ಕಥೆಯ ಅಗತ್ಯವಿರಲಿಲ್ಲ. ಆದರೆ ಮೇಡಂ ಸಭೆ ಕರೆದರು. “ಇಡೀ ಕಚೇರಿಯಲ್ಲಿ ಕಳ್ಳನನ್ನು ಬಾಗಿಲಲ್ಲೇ ಹಿಡಿದವರು ಇವರೊಬ್ಬರು,” ಎಂದು ಇರ್ಲಿಬಿಡಿಯ ಕಡೆ ಕೈ ತೋರಿಸಿದರು.

“ನಾನೇನೂ ಮಾಡಿಲ್ಲ ಮೇಡಂ,” ಎಂದ ಅವನು.

“ನೋಡಿ! ಎಷ್ಟು ವಿನಯ!”

ಇಲಾಖೆ ‘ಕಂಪ್ಯೂಟರ್ ಭದ್ರತೆಯ ಮೇಲ್ವಿಚಾರಕ’ ಎಂಬ ಹೊಸ ಹುದ್ದೆ ತೆರೆದಿದೆಯೆಂದೂ, ಮುಖ್ಯ ಕಚೇರಿಯ ಆಡಿಟರು ಬಂದು ಎಲ್ಲರ ಯಂತ್ರಗಳನ್ನೂ ನೋಡಿ ಒಬ್ಬರನ್ನು ಆರಿಸುತ್ತಾರೆಂದೂ, ಆರಿಸಿದವರಿಗೆ ಮೂಲೆಯ ಕೋಣೆ ಸಿಗುತ್ತದೆಂದೂ ಮೇಡಂ ತಿಳಿಸಿದರು.

ಮೂಲೆಯ ಕೋಣೆ! ಅದಕ್ಕೆ ಎರಡು ಕಿಟಕಿ. ಒಂದರಲ್ಲಿ ಮರ, ಇನ್ನೊಂದರಲ್ಲಿ ರಸ್ತೆ. ಕೈ ಇರುವ ಕುರ್ಚಿ. ಒಳಗಿನಿಂದ ಹಾಕಿಕೊಳ್ಳಬಹುದಾದ ಚಿಲಕ. ತಿರುಪಣ್ಣನ ಮೇಜು ಕಂಬದ ಹಿಂದಿತ್ತು. ಕೆಲಸಕ್ಕೆ ಸೇರಿದಂದಿನಿಂದ ತಲೆಯೆತ್ತಿದಾಗಲೆಲ್ಲ ಅವನು ನೋಡಿದ್ದು ಆ ಕಂಬವನ್ನು. ಅದರ ಬಿರುಕುಗಳು ಅವನಿಗೆ ಹೆಂಡತಿಯ ಮುಖಕ್ಕಿಂತ ಪರಿಚಿತ. ಎದುರಿಗೆ ಯಾರಾದರೂ ಬಂದು ನಿಂತರೆ, “ಇಲ್ಲಿ ಯಾರೂ ಇಲ್ವಾ?” ಎಂದು ಕೇಳಿ ಹೊರಟುಹೋಗುತ್ತಿದ್ದರು. ಆ ಕೋಣೆ ಖಾಲಿಯಾದ ದಿನದಿಂದ ಅವನು ದಿನಕ್ಕೊಮ್ಮೆ ಅದರ ಬಾಗಿಲ ಹಿಡಿಯನ್ನು ತಿರುಪಿ ನೋಡಿ ಬರುತ್ತಿದ್ದ. ಈಗ ಅದು ಷಡ್ಡಕನಿಗೆ ಹೋಗಲಿತ್ತು. ಮನೆಯಲ್ಲಿ ಮೇಲಿನವನು, ಕಚೇರಿಯಲ್ಲೂ ಮೇಲಿನವನು!

ಹಾಗಾಗಿ ಟಾರ್ಚು, ಹಾಗಾಗಿ ಭೂತಗನ್ನಡಿ.

“ಏನೋ ಮಾಡಿದ್ದಾನೆ,” ಎಂದ ತಿರುಪಣ್ಣ ಮನೆಯೊಳಗೆ ಅತ್ತಿಂದಿತ್ತ ನಡೆಯುತ್ತಾ. “ಒಂದೇ ಯಂತ್ರ, ಒಂದೇ ಮೇಲು. ನನ್ನದಕ್ಕೆ ಜ್ವರ ಬಂತು, ಅವನದಕ್ಕೆ ಸೀನೂ ಬರಲಿಲ್ಲ. ಒಳಗೆ ಏನೋ ಹಾಕಿದ್ದಾನೆ. ನೀನು ಮೇಲೆ ಹೋಗಿ ನಿನ್ನ ತಂಗೀನ ಕೇಳು. ನೇರವಾಗಿ ಕೇಳ್ಬೇಡ. ಮಾತಿನ ಮಧ್ಯೆ ಸುಮ್ನೆ ಬಂದ ಹಾಗೆ ಕೇಳು.”

ಹೆಂಡತಿ ಹೋದಳು. ಬಹಳ ಹೊತ್ತು ಬರಲಿಲ್ಲ. ಮೇಲಿಂದ ಮೂರು ಹೆಂಗಸರ ನಗು ಕೇಳಿಸಿತು. ಬಂದಾಗ ಅವಳ ಕೈಯಲ್ಲಿ ತಂಗಿಯ ಹೊಸ ಸೀರೆಯಿತ್ತು.

“ಏನಂದ್ಲು?”

“ಏನೂ ಮಾಡಲ್ವಂತೆ.”

“ಯಾವಾಗ ಮಾಡಲ್ವಂತೆ?”

“ಯಾವಾಗ್ಲೂ.”

“ಹಾಗಲ್ಲ ಕಣೇ. ಏನೂ ಮಾಡದೇ ಇರೋದಕ್ಕೂ ಒಂದು ಕ್ರಮ ಅಂತ ಇರುತ್ತಲ್ಲ. ಮೊದಲು ಏನು ಮಾಡಲ್ಲ, ಆಮೇಲೆ ಏನು ಮಾಡಲ್ಲ?”

ಹೆಂಡತಿ ತಂಗಿಯ ಸೀರೆಯನ್ನು ಮಡಿಚಿಟ್ಟಳು. “ಅವಳ ಗಂಡ ಮದುವೆ ಆದಾಗಿಂದ ಹೀಗೇನೇ ಕಣ್ರೀ. ಏನೂ ಮುಟ್ಟಲ್ಲ, ಏನೂ ಕೆಡಲ್ಲ. ಅವರ ಮನೆ ಫ್ಯಾನು ನೋಡಿದ್ದೀರಾ? ಸದ್ದೇ ಇಲ್ಲ.” ಅವಳು ತಲೆಯೆತ್ತಿ ತಮ್ಮ ಫ್ಯಾನಿನ ಕಡೆ ನೋಡಿದಳು. ಅದು ಒಂದು ರೆಕ್ಕೆ ಕಡಿಮೆಯಾಗಿ ಕಟಕಟ ಎನ್ನುತ್ತಿತ್ತು. ಆ ನೋಟ ತಿರುಪಣ್ಣನಿಗೆ ನೇರ ಎದೆಗೆ ನಾಟಿತು.

ಮರುದಿನ ಅತ್ತೆಯನ್ನು ಮೆಟ್ಟಿಲಲ್ಲಿ ಅಡ್ಡಹಾಕಿದ.

“ಅತ್ತೆ, ಅವನು ಕಂಪ್ಯೂಟರ್ ಮುಂದೆ ಕೂತಾಗ ಏನು ಮಾಡ್ತಾನೆ?”

“ಪೆಟ್ಟಿಗೆ ತೆರೀತಾರೆ. ಕೆಲಸ ಮಾಡ್ತಾರೆ. ಮುಚ್ತಾರೆ.”

“ಮಧ್ಯದಲ್ಲಿ?”

“ಮಧ್ಯದಲ್ಲಿ ಆಕಳಿಸ್ತಾರೆ.” ಅತ್ತೆ ಕಿವಿಯ ಮೇಲೆ ಕೈಯಿಟ್ಟುಕೊಂಡರು. ಯಂತ್ರವನ್ನು ಕಾಪಾಡಿಕೊಳ್ಳಲು. “ಅಳಿಯಂದ್ರೇ, ದಾರಿ ಬಿಡಿ.”

ಆಕಳಿಕೆ! ಅಂದರೆ ಯಾರಾದರೂ ನೋಡುತ್ತಿದ್ದಾರೆಂದು ಗೊತ್ತಾದಾಗ ಆಕಳಿಸಿ ಗುಟ್ಟು ಮುಚ್ಚುತ್ತಾನೆ. ಸಣ್ಣ ಆಸಾಮಿಯಲ್ಲ. ತಿರುಪಣ್ಣ ಅಂದೇ ತನ್ನ ಲ್ಯಾಪ್‌ಟಾಪಿನ ಮುಂದೆ ಕೂತು ಯೋಚಿಸಿದ. ರಿಪೇರಿಯವನು ಕೊಟ್ಟು ಹೋದದ್ದು ಎಲ್ಲರಿಗೂ ಇರುವಂಥದ್ದೇ. ಎಲ್ಲರಿಗೂ ಇರುವಂಥದ್ದರಿಂದ ಯಾರೂ ಹೊಗಳಿಸಿಕೊಂಡ ಉದಾಹರಣೆ ಇಲ್ಲ. ಷಡ್ಡಕನದರಲ್ಲಿ ಇದಕ್ಕಿಂತ ಹೆಚ್ಚಿನದೇನೋ ಇರಬೇಕು. ತನ್ನದರಲ್ಲಿ ಅದಕ್ಕಿಂತಲೂ ಹೆಚ್ಚಿನದು ಇರಬೇಕು. ಒಂದು ಆಂಟಿವೈರಸ್ ಹಾಕಿದ. ಅದು, ಒಳಗೆ ಮೊದಲಿನಿಂದ ಇದ್ದ ಕಾವಲುಗಾರನನ್ನು ಕೆಲಸದಿಂದ ತೆಗೆಯಿರಿ ಎಂದಿತು. ತೆಗೆದ. ಒಂದು ಸಾಲದೆಂದು ಇನ್ನೊಂದು ಹಾಕಿದ. ಎರಡನೆಯದು ಮೊದಲನೆಯದನ್ನು ಕಂಡು, ‘ಮನೆಯೊಳಗೆ ಕಳ್ಳ ಸೇರಿದ್ದಾನೆ’ ಎಂದು ಕೂಗಿಕೊಂಡಿತು. ಇವರಿಬ್ಬರ ಜಗಳ ಬಿಡಿಸಲು ಮೂರನೆಯದನ್ನು ತಂದ. ಮೂರನೆಯದು ಇಬ್ಬರನ್ನೂ ಹಿಡಿದು ಕೂಡಿಹಾಕಿತು. ಮೂವರ ಮಧ್ಯೆ ಫೈರ್‌ವಾಲ್ ಇಕ್ಕಟ್ಟಾಗುತ್ತದೆಂದು ಅದನ್ನು ಮತ್ತೆ ಆರಿಸಿದ. ಮೂವರು ಕಾವಲಿರುವಾಗ ಬೀಗವೇಕೆಂದು ಪಾಸ್‌ವರ್ಡನ್ನೂ ತೆಗೆದ. ಲ್ಯಾಪ್‌ಟಾಪು ಬಸುರಿಯ ಹಾಗೆ ಏದುಸಿರು ಬಿಡತೊಡಗಿತು. ಮುಚ್ಚಳ ತೆರೆದು ಸ್ನಾನ ಮುಗಿಸಿ ಬಂದರೆ ಕೆಲಸಕ್ಕೆ ಸಿದ್ಧವಾಗಿರುತ್ತಿತ್ತು.

ಇಷ್ಟಾದರೂ ಮನಸ್ಸಿಗೆ ಸಮಾಧಾನವಿಲ್ಲ. ಕಟ್ಟಡದ ಕೆಳಗೇ ಒಂದು ದಿನಸಿ ಅಂಗಡಿಯಿತ್ತು. ತಕ್ಕಡಿ ಪರೀಕ್ಷೆಯ ನೆಪದಲ್ಲಿ ಅಲ್ಲಿಗೆ ಹೋದ. ತಕ್ಕಡಿಯ ಸೀಸದ ಮುದ್ರೆ ಕಿತ್ತುಹೋಗಿತ್ತು.

“ಏನಯ್ಯಾ ಇದು?”

“ಅದು ಸಾರ್, ಮುಳ್ಳು ಸ್ವಲ್ಪ ಹಟ ಮಾಡ್ತಿತ್ತು,” ಅಂಗಡಿಯವನು ಹಲ್ಲುಬಿಟ್ಟ. “ಪ್ರತಿ ಸಲ ತೊಂದ್ರೆ ಕೊಡ್ತಿತ್ತು. ಅದಕ್ಕೆ ನಾನೇ ಸ್ವಲ್ಪ ತಿರುಪಿ ನನಗೆ ಬೇಕಾದ ಹಾಗೆ ಮಾಡ್ಕೊಂಡೆ.”

ತಿರುಪಣ್ಣನಿಗೆ ಮೈಯೆಲ್ಲ ಉರಿಯಿತು. “ಮುಟ್ಟೋಕೆ ನೀನ್ಯಾರಯ್ಯಾ? ಮಾಡಿದವನು ಯೋಚನೆ ಮಾಡಿ ಮಾಡಿರ್ತಾನೆ. ಮುದ್ರೆ ಒತ್ತಿ ಕೊಟ್ಟ ಮೇಲೆ ಅದು ಹೇಗಿದೆಯೋ ಹಾಗೇ ಇರ್ಬೇಕು! ನಿನಗೆ ತೊಂದ್ರೆ ಆಗುತ್ತೆ ಅಂತ ಒಬ್ಬೊಬ್ಬರೂ ತಿರುಪಿಕೊಂಡು ಕೂತರೆ ಪ್ರಪಂಚ ಏನಾಗ್ಬೇಕು?”

ಅಂಗಡಿಯವನು ತಲೆ ತಗ್ಗಿಸಿದ. ತಿರುಪಣ್ಣ ದಂಡದ ಮಾತು ಎತ್ತಲಿಲ್ಲ. ಅವನಿಗೆ ಬೇಕಾದ್ದು ಬೇರೆ. ಸ್ಟೂಲ್ ಎಳೆದುಕೊಂಡು ಕೂತು ದನಿ ಇಳಿಸಿದ.

“ಅದಿರ್ಲಿ. ನಮ್ಮ ಷಡ್ಡಕ ಇಲ್ಲಿಗೆ ಬರ್ತಾನಲ್ಲ. ಏನು ತಗೊಳ್ತಾನೆ?”

“ಅಕ್ಕಿ, ಸೋಪು.”

“ಕಂಪ್ಯೂಟರ್ ವಿಷಯ ಏನಾದ್ರೂ ಮಾತಾಡ್ತಾನಾ?”

“ಇಲ್ವಲ್ಲ ಸಾರ್.”

“ಇಲ್ಲ ಅಂದ್ರೆ? ಮಾತಾಡೋದೇ ಇಲ್ವಾ, ಅಥವಾ ಮಾತು ಬಂದಾಗ ತಪ್ಪಿಸಿಕೊಳ್ತಾನಾ?”

ಅಂಗಡಿಯವನ ಕಣ್ಣುಗಳು ಅಗಲವಾದವು. “ಯಾಕೆ ಸಾರ್? ಅವರ ಹತ್ರ ಏನಾದ್ರೂ...?”

“ಯಾರಿಗೂ ಹೇಳ್ಬೇಡ,” ಎಂದ ತಿರುಪಣ್ಣ. “ಏನೋ ಇದೆ. ನಾನು ಭೂತಗನ್ನಡಿ ಹಾಕಿ ನೋಡಿದೆ. ಸಿಕ್ಕಲಿಲ್ಲ.”

ಯಾರಿಗೂ ಹೇಳಬೇಡ ಎನ್ನುವುದಕ್ಕಿಂತ ವೇಗದ ವಾಹನವನ್ನು ಮನುಷ್ಯ ಇನ್ನೂ ಕಂಡುಹಿಡಿದಿಲ್ಲ. ಸಂಜೆಯೊಳಗೆ ಬೀದಿಯ ಮೂಲೆಯ ಕ್ಷೌರಿಕನವರೆಗೂ ಸುದ್ದಿ ಹೋಗಿತ್ತು: ಎರಡನೇ ಮಹಡಿಯವರ ಹತ್ತಿರ ಯಾವ ಕಳ್ಳನೂ ಮುರಿಯಲಾಗದ ವಿದ್ಯೆಯಿದೆ, ಸ್ವಂತ ಷಡ್ಡಕನಿಗೂ ಹೇಳಿಕೊಟ್ಟಿಲ್ಲ, ಪಾಪ ಅವರು ಭೂತಗನ್ನಡಿ ಹಿಡಿದು ಹುಡುಕುತ್ತಿದ್ದಾರೆ. ಅಂಗಡಿಯವನು ತನ್ನ ಬಿಲ್ಲಿನ ಕಂಪ್ಯೂಟರನ್ನು ತಂತಿ ಸಮೇತ ಬಗಲಲ್ಲಿ ಹಿಡಿದು ಮೆಟ್ಟಿಲು ಹತ್ತಿದ. ತಿರುಪಣ್ಣ ತನ್ನ ಬಾಗಿಲ ಸಂದಿಯಲ್ಲಿ ಕಣ್ಣಿಟ್ಟು, ಕಿವಿಯನ್ನು ಮೇಲಕ್ಕೆ ಕಳಿಸಿ ನಿಂತ.

“ಸಾರ್, ಇದಕ್ಕೆ ಏನಾದ್ರೂ ಮಾಡಿಕೊಡಿ.”

“ಏನಾಗಿದೆ ಇದಕ್ಕೆ?” ಇರ್ಲಿಬಿಡಿಯ ದನಿ ಆಗಷ್ಟೇ ಎದ್ದಂತಿತ್ತು.

“ಏನೂ ಆಗಿಲ್ಲ. ಆಗದ ಹಾಗೆ ಮಾಡಿ.”

“ಏನೂ ಆಗಿಲ್ಲ ಅಂದ್ರೆ ಏನೂ ಮಾಡ್ಬೇಡಪ್ಪ. ಇರ್ಲಿ ಬಿಡು.”

ಅಂಗಡಿಯವನು, ಗದ್ಗದ ಎನ್ನಬಹುದಾದ ದನಿಯಲ್ಲಿ, “ಗೊತ್ತಾಯ್ತು ಸಾರ್,” ಎಂದ. ಇಳಿಯುವಾಗ ಕಂಪ್ಯೂಟರನ್ನು ಬಗಲಲ್ಲಿ ಹಿಡಿಯಲಿಲ್ಲ. ಎದೆಗೊತ್ತಿಕೊಂಡಿದ್ದ.

ಕಚೇರಿಯಲ್ಲಿ ಇನ್ನೂ ಕೆಟ್ಟಿತು. ತಿರುಪಣ್ಣ ಒಬ್ಬೊಬ್ಬರನ್ನೂ ಕಂಬದ ಮರೆಗೆ ಕರೆದು ವಿಚಾರಿಸಿದ್ದ. ಕೇಳಿಸಿಕೊಂಡವರು ಒಬ್ಬೊಬ್ಬರಾಗಿ ಷಡ್ಡಕನ ಮೇಜಿಗೆ ಹೋಗಿ ಕೇಳಿದರು. ಅವನು ಇದ್ದುದನ್ನೇ ಹೇಳಿದ: “ಅಪ್‌ಡೇಟ್ ಮಾಡ್ಲಾ ಅಂತ ಕೇಳುತ್ತೆ, ಮಾಡು ಅಂತೀನಿ. ಗುರುತಿಲ್ಲದ್ದು ಒಳಗೆ ಬರ್ಲಾ ಅಂದ್ರೆ ಬೇಡ ಅಂತೀನಿ. ಅರ್ಥ ಆಗಲಿಲ್ಲ ಅಂದ್ರೆ ಮುಚ್ಚಿಬಿಡ್ತೀನಿ.” ಇದನ್ನು ಕೇಳಿದವರು, ಇಷ್ಟು ಸುಲಭವಾದದ್ದು ಇಷ್ಟೇ ಆಗಿರಲು ಸಾಧ್ಯವಿಲ್ಲವೆಂದು ತಮ್ಮ ತಮ್ಮ ಮೇಜುಗಳಲ್ಲಿ ಕೂತು ಧ್ಯಾನಿಸತೊಡಗಿದರು. ಟೈಪಿಸ್ಟ್ ಒಬ್ಬಳು ಅವನ ಆಕಳಿಕೆಯನ್ನು ಅಭ್ಯಾಸ ಮಾಡುತ್ತಿದ್ದಳು. ಊಟದ ಹೊತ್ತಿಗೆ ಅವನ ಡಬ್ಬಿಯ ಪಕ್ಕ ಕೂರಲು ತಳ್ಳಾಟ. ತಿರುಪಣ್ಣ ಕಂಬದ ಪಕ್ಕ ಒಬ್ಬನೇ ಕೂತು ರೊಟ್ಟಿ ಮುರಿದ. ಷಡ್ಡಕನ ಈ ಕೀರ್ತಿಯನ್ನೆಲ್ಲ ಹೊತ್ತು ತಿರುಗಿದ ಕೂಲಿ ತಾನೇ ಎಂಬುದು ಅವನಿಗೆ ಹೊಳೆಯಲಿಲ್ಲ. ಅವನಿಗೆ ಕಂಡದ್ದು ಒಂದೇ: ನೋಡಿ, ಎಲ್ಲರಿಗೂ ಗೊತ್ತಾಗಿದೆ, ನನಗೊಬ್ಬನಿಗೆ ಹೇಳುತ್ತಿಲ್ಲ.

ಕೊನೆಗೆ ನೇರವಾಗಿ ಕೇಳಿಯೇಬಿಟ್ಟ.

“ನೋಡಯ್ಯಾ, ನಾವು ಒಂದೇ ಮನೆಯ ಹೆಣ್ಣುಮಕ್ಕಳನ್ನ ಮಾಡ್ಕೊಂಡವರು. ನನ್ನ ಹತ್ರ ಮುಚ್ಚುಮರೆ ಬೇಡ. ಏನು ಹಾಕಿದ್ದೀಯ ಅದರೊಳಗೆ?”

“ಅಣ್ಣ, ದೇವರಾಣೆ ಏನೂ ಇಲ್ಲ. ಬಂದ ಹಾಗೇ ಇದೆ.”

“ಆ ಕೋಣೆ ನಿನಗೇ ಬೇಕು, ಅಲ್ವಾ?”

“ಯಾವ ಕೋಣೆ?” ಎಂದ ಇರ್ಲಿಬಿಡಿ.

ಸುಳ್ಳು ಹೇಳುವುದರಲ್ಲಿ ಇಂಥ ನೈಪುಣ್ಯವನ್ನು ತಿರುಪಣ್ಣ ಜನ್ಮದಲ್ಲಿ ಕಂಡಿರಲಿಲ್ಲ.

ಆಡಿಟರು ಬಂದರು. ಸಣ್ಣಗಿನ ಮನುಷ್ಯ, ನೆಗಡಿಯಾಗಿತ್ತು, ಕೈಯಲ್ಲಿ ಕರವಸ್ತ್ರ, ಕಿಸೆಯಲ್ಲಿ ಒಂದು ಪೆನ್‌ಡ್ರೈವ್. ಆ ಪೆನ್‌ಡ್ರೈವಿನಲ್ಲಿ ಅವರು ಒಂದು ಹಲ್ಲಿಲ್ಲದ ಹುಳುವನ್ನು, ಅಂದರೆ ಏನನ್ನೂ ಹಾಳುಮಾಡದ ವೈರಸ್ಸನ್ನು, ಸಾಕಿಕೊಂಡಿದ್ದರು. ಅದನ್ನು ಚುಚ್ಚಿದಾಗ ಯಾವ ಯಂತ್ರ ಅದನ್ನು ತಡೆಯುತ್ತದೆ, ಯಾವುದು ಒಳಗೆ ಬಿಟ್ಟುಕೊಳ್ಳುತ್ತದೆ ಎಂದು ನೋಡುವುದು ಪರೀಕ್ಷೆ. ಮೇಡಂ ಅವರನ್ನು ಮೇಜಿನಿಂದ ಮೇಜಿಗೆ ಕರೆದೊಯ್ದರು. ಹಿಂದೆ ಇಡೀ ಕಚೇರಿ.

“ಇಲ್ಲಿ ಯಾರೂ ಇಲ್ವಾ?” ಎಂದರು ಆಡಿಟರು ಕಂಬದ ಬಳಿ.

“ಇದ್ದೀನಿ ಸಾರ್!” ತಿರುಪಣ್ಣ ಕಂಬದ ಹಿಂದಿನಿಂದ ಹೊರಬಂದು ಕುರ್ಚಿ ಒರೆಸಿ ಕೊಟ್ಟ. “ನಾನು ಬಹಳ ಎಚ್ಚರಿಕೆ ತಗೊಂಡಿದ್ದೀನಿ ಸಾರ್. ಎಲ್ಲರೂ ಒಂದು ಹಾಕ್ತಾರೆ. ನಾನು ಮೂರು.”

ಆಡಿಟರು ಪರದೆ ನೋಡಿದರು. ಮೂಗೊರೆಸಿಕೊಂಡರು. ಮತ್ತೆ ನೋಡಿದರು.

“ಇದರ ಜೊತೆ ಬಂದ ಕಾವಲು ಎಲ್ಲಿ?”

“ತೆಗೆದಿದ್ದೀನಿ ಸಾರ್. ಹೊಸಬರ ಜೊತೆ ಹೊಂದ್ಕೊಳ್ಳಲಿಲ್ಲ.”

“ಫೈರ್‌ವಾಲು?”

“ಆರಿಸಿದ್ದೀನಿ ಸಾರ್.”

“ಪಾಸ್‌ವರ್ಡೂ ಇಲ್ಲ?”

“ಮನೆ ತುಂಬ ಕಾವಲಿದ್ದಾರಲ್ಲ ಸಾರ್.”

“ಅನುಮತಿ ಕೇಳ್ಬೇಕಲ್ಲ ಇದು? ಯಾಕೆ ಕೇಳ್ತಿಲ್ಲ?”

“ತುಂಬ ಕೇಳ್ತಿತ್ತು ಸಾರ್. ಸುಮ್ಮನಿರಿಸಿದ್ದೀನಿ.”

ಆಡಿಟರು ಪೆನ್‌ಡ್ರೈವ್ ಚುಚ್ಚಿದರು. ಕಾವಲುಗಾರರು ಮೂವರೂ ಒಟ್ಟಿಗೆ ಎದ್ದರು. ಮೊದಲನೆಯದು ಎರಡನೆಯದನ್ನು ಹಿಡಿಯಿತು, ಎರಡನೆಯದು ಮೂರನೆಯದರ ಮೇಲೆ ಬಿತ್ತು, ಮೂರನೆಯದು ಪರದೆ ತುಂಬ ಎಚ್ಚರಿಕೆಯ ಹಳದಿ ಚೀಟಿಗಳನ್ನು ಅಂಟಿಸಿತು. ಹುಳು ಇವರ ಕಾಲ ಸಂದಿಯಿಂದ ಹಾಯಾಗಿ ನಡೆದು ಒಳಗೆ ಹೋಯಿತು. ಪ್ರಿಂಟರು ಯಾರೂ ಕೇಳದೆ ಕಾಗದ ಉಗುಳತೊಡಗಿತು. ಹಾಳೆ ಹಾಳೆಯಲ್ಲೂ ಆಡಿಟರು ಹುಳುವಿಗೆ ಕಲಿಸಿಕೊಟ್ಟಿದ್ದ ಒಂದೇ ವಾಕ್ಯ: ‘ನಾನು ಒಳಗೆ ಬಂದೆ.’

“ಮೇಡಂ,” ಎಂದರು ಆಡಿಟರು ಕಾಗದಗಳ ಮಧ್ಯೆ ನಿಂತು, “ಇಷ್ಟು ವರ್ಷದಲ್ಲಿ ಈ ಹುಳು ಪ್ರಿಂಟರ್‌ವರೆಗೆ ಹೋಗಿದ್ದನ್ನ ನಾನು ನೋಡಿಲ್ಲ.”

ಇರ್ಲಿಬಿಡಿಯ ಮೇಜಿಗೆ ಹೋದರು. ಪೆನ್‌ಡ್ರೈವ್ ಚುಚ್ಚುವ ಮೊದಲೇ ಅವನ ಲ್ಯಾಪ್‌ಟಾಪು ಪಾಸ್‌ವರ್ಡ್ ಕೇಳಿತು. ಚುಚ್ಚಿದ ಮೇಲೆ, ‘ಇದರಲ್ಲಿ ನಂಬಲಾಗದ್ದು ಇದೆ, ತಡೆದಿದ್ದೇನೆ’ ಎಂದು ಹೇಳಿ ತನ್ನ ಪಾಡಿಗೆ ತಾನು ಕೂತಿತು. ಆಡಿಟರು ಒಂದೊಂದೇ ಸೆಟ್ಟಿಂಗ್ ತೆರೆದು ನೋಡಿದರು. ನೋಡುತ್ತಾ ಹೋದಂತೆ ಅವರ ಮುಖ ಮೃದುವಾಯಿತು.

“ಇದರಲ್ಲಿ ನೀವು ಏನು ಬದಲಾಯಿಸಿದ್ದೀರಿ?”

“ಏನೂ ಇಲ್ಲ ಸಾರ್.”

“ಒಂದೂ?”

“ಇಲ್ಲ ಸಾರ್. ಗೊತ್ತಾಗಲ್ಲ ನನಗೆ.”

ಆಡಿಟರು ಕರವಸ್ತ್ರವನ್ನು ಮೂಗಿನಿಂದ ಕಣ್ಣಿಗೆ ಒಯ್ದರು. “ನೋಡ್ರಪ್ಪ,” ಎಂದರು ಎಲ್ಲರಿಗೂ ಕೇಳುವಂತೆ. “ಆಪರೇಟಿಂಗ್ ಸಿಸ್ಟಮ್ ಮಾಡಿದವರು ಬಾಗಿಲೆಲ್ಲ ಮುಚ್ಚಿ, ಚಿಲಕ ಹಾಕಿಯೇ ಕೊಟ್ಟಿದ್ದರು. ಡೀಫಾಲ್ಟ್ ಅಂದ್ರೆ ಅದೇ. ನಾವು ಏನೂ ಮಾಡದಿದ್ರೂ ಕಾಪಾಡ್ಲಿ ಅಂತ. ಎಲ್ಲಿ ಹೋದ್ರೂ ಯಾರಾದ್ರೂ ಒಂದು ಚಿಲಕ ತೆಗೆದೇ ಇಟ್ಟಿರ್ತಾರೆ. ಒಂದೂ ತೆಗೆಯದ ಯಂತ್ರ ಇವತ್ತು ನೋಡಿದೆ.”

“ಹಾಗಾದ್ರೆ...” ತಿರುಪಣ್ಣ ಜನರ ಮಧ್ಯೆ ನುಗ್ಗಿ ಮುಂದೆ ಬಂದ. “ಹಾಗಾದ್ರೆ ಇವನು ಮಾಡಿದ್ದೇನು ಸಾರ್?”

“ಏನೂ ಇಲ್ಲ.”

“ಅಂದ್ರೆ, ನಿಜವಾಗ್ಲೂ...”

“ಏನೂ ಇಲ್ಲ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಆಗ ಮೊದಲ ಸಲ ತಿರುಪಣ್ಣ ಅದನ್ನು ನಂಬಿದ. ನಂಬಿದ ಮೇಲೆ ಉರಿ ಆರಬೇಕಿತ್ತು, ಅದು ನೆತ್ತಿಗೇರಿತು. ಷಡ್ಡಕ ಏನೋ ಗುಟ್ಟು ಮಾಡಿದ್ದರೆ, ಎಲ್ಲಿಂದಲೋ ಕದ್ದು ಕಲಿತಿದ್ದರೆ, ಸಹಿಸಬಹುದಿತ್ತು. ತಾನು ಬೆರಳು ಸವೆಸಿ, ನಿದ್ದೆ ಬಿಟ್ಟು, ಇಡೀ ಸೆಟ್ಟಿಂಗ್ಸನ್ನು ಮೂಲೆ ಮೂಲೆ ಜಾಲಾಡಿದ್ದಕ್ಕೆ ಸಿಕ್ಕಿದ್ದು ಕಂಬ. ಅವನು ಮಲಗಿದ್ದಕ್ಕೆ ಸಿಕ್ಕಿದ್ದು ಕೋಣೆ!

ಮೇಡಂ ಮೂಲೆಯ ಕೋಣೆಯ ಬೀಗದ ಕೈ ತೆಗೆದು ಇರ್ಲಿಬಿಡಿಯ ಮುಂದೆ ಹಿಡಿದರು. “ಇನ್ನೇನು ಮಾತಿಲ್ಲ. ಇದು ನಿಮ್ಮದು.”

ಇರ್ಲಿಬಿಡಿ ಬೀಗದ ಕೈ ನೋಡಿದ. ಕೋಣೆಯ ಕಡೆ ನೋಡಿದ. ತಲೆ ಕೆರೆದುಕೊಂಡ. “ಇರ್ಲಿ ಬಿಡಿ ಮೇಡಂ. ನನಗೆ ಇಲ್ಲೇ ರೂಢಿಯಾಗಿದೆ. ಅಣ್ಣನಿಗೆ ಕೊಡಿ. ಅವರಿಗೆ ಆ ಕೋಣೆ ಅಂದ್ರೆ ಜೀವ.”

ಕಚೇರಿಯೆಲ್ಲ ಆಹಾ ಎಂದಿತು. ಟೈಪಿಸ್ಟ್ ಕಣ್ಣೊರೆಸಿಕೊಂಡಳು.

“ಇವರಿಗಾ?” ಮೇಡಂ ಕಾಲಡಿಯ ಹಾಳೆಗಳನ್ನು ನೋಡಿದರು.

“ಯಾಕಾಗ್ಬಾರ್ದು ಮೇಡಂ?” ಎಂದರು ಆಡಿಟರು. “ಯಾವ ಯಾವ ಚಿಲಕ ತೆಗೆದ್ರೆ ಏನೇನಾಗುತ್ತೆ ಅಂತ ಇಡೀ ಇಲಾಖೇಲಿ ಅನುಭವ ಇರೋದು ಇವರೊಬ್ಬರಿಗೇ. ಬೇರೆ ಯಾರು ತೆಗೆಯೋಕೆ ಹೋದ್ರೂ ಇವರು ದೂರದಿಂದಲೇ ಗುರುತು ಹಿಡೀತಾರೆ.”

ಮೇಡಂ ಯೋಚಿಸಿದರು. ಇಲಾಖೆಯಲ್ಲಿ ಇದಕ್ಕಿಂತ ದುರ್ಬಲವಾದ ಕಾರಣಗಳಿಗೆ ದೊಡ್ಡ ದೊಡ್ಡ ಹುದ್ದೆಗಳು ತುಂಬಿದ್ದವು. ಬೀಗದ ಕೈಯನ್ನು ತಿರುಪಣ್ಣನ ಕಡೆ ತಿರುಗಿಸಿದರು. “ಕೆಲಸ ಇಷ್ಟೇ. ಯಾರೂ ಏನೂ ಮುಟ್ಟದ ಹಾಗೆ ನೋಡ್ಕೊಳ್ಳೋದು. ನೀವೂ ಮುಟ್ಟೋ ಹಾಗಿಲ್ಲ. ಒಪ್ಪಿಗೆನಾ?”

ತೆರೆದ ಬಾಗಿಲಿನಾಚೆ ಕೋಣೆ ಕಾಣುತ್ತಿತ್ತು. ಕಿಟಕಿಯ ಮರದಲ್ಲಿ ಹೊಸ ಎಲೆ ಬಂದಿತ್ತು. ಕುರ್ಚಿಯ ಕೈಗಳು ಯಾರನ್ನೋ ಎತ್ತಿಕೊಳ್ಳಲು ಚಾಚಿದಂತಿದ್ದವು. ತಿರುಪಣ್ಣನ ಕೈ ತಾನಾಗಿಯೇ ಮುಂದೆ ಹೋಯಿತು. ಬೆರಳ ತುದಿಗೆ ಬೀಗದ ಕೈಯ ತಣ್ಣನೆಯ ಕಬ್ಬಿಣ ತಾಕಿತು ಕೂಡ.

“ತಗೊಳ್ಳಿ ಅಣ್ಣ,” ಎಂದ ಇರ್ಲಿಬಿಡಿ, ಬಾಯ್ತುಂಬ ನಗುತ್ತಾ, ಒಂದು ಚೂರೂ ಕಪಟವಿಲ್ಲದೆ. “ನಿಮಗೆ ಅಂತಲೇ ಬಿಟ್ಟಿದ್ದು.”

ಷಡ್ಡಕ ಬೇಡವೆಂದು ಬಿಟ್ಟ ಕೋಣೆ! ಕೈ ಹಿಂದೆ ಬಂತು.

“ಬೇಡ,” ಎಂದ ತಿರುಪಣ್ಣ.

“ಯಾಕ್ರೀ? ಎರಡು ಕಿಟಕಿ ಇದೆ,” ಎಂದರು ಮೇಡಂ.

“ಬೇಡ ಅಂದೆನಲ್ಲ ಮೇಡಂ. ಬೇಡ.”